ಸಂಜೆಗೆ ಕೆಂಪು ಇರಬಾರದು

ಬುಧವಾರ ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ದೂರುದಾರನನ್ನು ಇನ್ಸ್‌ಪೆಕ್ಟರ್ ನಂಬಲಿಲ್ಲ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅವರು ಯಾರನ್ನೂ ಮೊದಲ ಸಲಕ್ಕೆ ನಂಬಿದವರಲ್ಲ. ಪೇದೆಗಳು ಬೆನ್ನ ಹಿಂದೆ ಅವರನ್ನು 'ಜರಡಿ' ಎಂದು ಕರೆಯುತ್ತಿದ್ದರು. ಮನೆಯಲ್ಲಿ ಹೆಂಡತಿ, ಹಾಲಿನವನು ನೀರು ಬೆರೆಸಿದ್ದಾನೆಂದು ಇವರು ಮೂರನೇ ಸಲ ಲೋಟ ಎತ್ತಿ ನೋಡಿದಾಗ, ಪಂಚನಾಮೆ ಮಾಡಿಬಿಡಿ, ಸಹಿ ಹಾಕ್ತೀನಿ ಎಂದಿದ್ದರು.

ಬಂದವನು ಲಿಫ್ಟ್‌ಗಳ ತಪಾಸಣೆ, ದುರಸ್ತಿ ಮಾಡುವ ಕಂಪನಿಯ ಮ್ಯಾನೇಜರ್. ಇಸ್ತ್ರಿ ಮುರಿಯದ ಅಂಗಿ, ನಿದ್ದೆಯಿಲ್ಲದ ಕಣ್ಣು. ಅವನ ದೂರು ಸರಳವಾಗಿತ್ತು. ಊರಿನ ಎಲ್ಲ ಲಿಫ್ಟ್‌ಗಳ ಲೆಕ್ಕ, ಯಾವುದನ್ನು ಯಾವಾಗ ಯಾರು ಪರೀಕ್ಷಿಸಿದರು ಎಂಬುದೆಲ್ಲ ಆಫೀಸಿನ ಕಂಪ್ಯೂಟರಿನ ಡೇಟಾಬೇಸಿನಲ್ಲಿದೆ. ಇಂದು ಬೆಳಗ್ಗೆಯಿಂದ ಅದು ಯಾರಿಗೂ ತೆರೆಯುತ್ತಿಲ್ಲ. ಯಾರೋ ಬೇಕೆಂದೇ ಬೀಗ ಜಡಿದಿದ್ದಾರೆ.

ಇನ್ಸ್‌ಪೆಕ್ಟರ್‌ಗೆ ಸಂಶಯ ಬರಲು ಕಾರಣವಿತ್ತು. ಸೋಮವಾರ ಮಾರುಕಟ್ಟೆ ಬೀದಿಯ ಐದಂತಸ್ತಿನ ಕಟ್ಟಡದಲ್ಲಿ ಇದೇ ಕಂಪನಿ ನೋಡಿಕೊಳ್ಳುವ ಲಿಫ್ಟ್ ಕಳಚಿ ಬಿದ್ದು, ಅಂಚೆಯವನೊಬ್ಬನ ಎರಡೂ ಕಾಲು ಮುರಿದಿದ್ದವು. ಅದರ ಎಫ್‌ಐಆರ್ ಆಗಲೇ ಆಗಿತ್ತು. ಲಿಫ್ಟ್ ಸರಿಯಾಗಿದೆ ಎಂದು ಹಿಂದಿನ ತಿಂಗಳು ಪ್ರಮಾಣಪತ್ರ ಕೊಟ್ಟವನು ಕಂಪನಿಯ ಹಿರಿಯ ಮೆಕ್ಯಾನಿಕ್ ಎಂದು ಕಾಗದ ಹೇಳುತ್ತಿತ್ತು. ಆತನನ್ನು ಮಂಗಳವಾರ ಸಂಜೆ ಕರೆತಂದು ಕೂರಿಸಿದ್ದರು. ಎಲ್ಲ ಮೂಲ ದಾಖಲೆ ತೋರಿಸಿ ಎಂದು ಮ್ಯಾನೇಜರನಿಗೆ ಹೇಳಿದ್ದೂ ಮಂಗಳವಾರವೇ. ಕೇಳಿದ ಮರುದಿನವೇ ಬೀಗ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇನ್ಸ್‌ಪೆಕ್ಟರ್ ಬೇಕಾದಷ್ಟು ಕಂಡಿದ್ದರು. ಈತ ಹೆಗಲು ಮುಟ್ಟಿಕೊಂಡು ಠಾಣೆಗೇ ಬಂದಿದ್ದ.

ಮೂಲೆಯ ಬೆಂಚಿನ ಮೇಲೆ ಹಿರಿಯ ಮೆಕ್ಯಾನಿಕ್ ಕೂತಿದ್ದ. ಅರವತ್ತರ ಹತ್ತಿರದ ವಯಸ್ಸು, ಉಗುರಿನ ಸಂದಿನಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು, ಕಾಲಬುಡದಲ್ಲಿ ಉಪಕರಣದ ಚೀಲ. ಚೀಲವನ್ನು ಒಳಗಿಡಲು ದಫೇದಾರ ಎಷ್ಟು ಹೇಳಿದರೂ ಬಿಟ್ಟಿರಲಿಲ್ಲ. ರಾತ್ರಿಯಿಡೀ ಆತ ಹೇಳಿದ್ದು ಒಂದೇ ಮಾತು: "ಆ ಕಟ್ಟಡದ ಮೆಟ್ಟಿಲು ಹತ್ತಿ ವರ್ಷದ ಮೇಲಾಯ್ತು ಸ್ವಾಮಿ. ನೋಡಿದ್ರೆ ನೋಡ್ದೆ ಅಂತೀನಿ. ನೋಡದೇ ಇರೋದನ್ನ ನೋಡ್ದೆ ಅಂತ ಹೇಗೆ ಅನ್ನಲಿ?"

ಇನ್ಸ್‌ಪೆಕ್ಟರ್ ಅದನ್ನೂ ನಂಬಿರಲಿಲ್ಲ. ಆದರೆ ಕಂಪ್ಯೂಟರ್ ತೆರೆದರೆ ಮಾತು ನಿಜವೋ ಸುಳ್ಳೋ ಗೊತ್ತಾಗುತ್ತದೆ ಎಂಬುದು ಅವರಿಗೆ ತಿಳಿದಿತ್ತು. ತೆರೆಯದಿದ್ದರೆ, ಕಾಗದದ ಮೇಲಿನ ಹೆಸರು ಮುದುಕನನ್ನು ನೇರ ಜೈಲಿಗೆ ಒಯ್ಯುತ್ತದೆ.

ಹನ್ನೊಂದು ಗಂಟೆಗೆ ದಫೇದಾರ, ಮಹಿಳಾ ಪೇದೆ, ಇಬ್ಬರು ಪಂಚರೊಂದಿಗೆ ಅವರು ಕಂಪನಿಯ ಆಫೀಸಿಗೆ ಹೋದರು. ಬೇಕರಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಒಳಗಿನದು ಮ್ಯಾನೇಜರನದು, ಡೇಟಾಬೇಸ್ ಇರುವ ಕಂಪ್ಯೂಟರ್ ಅಲ್ಲಿತ್ತು. ಹೊರಗಿನ ಕೋಣೆಯಲ್ಲಿ ಟೆಲಿಫೋನು, ಇನ್ನೊಂದು ಕಂಪ್ಯೂಟರು, ಅದರ ಮುಂದೆ ನಲವತ್ತರ ಒಬ್ಬ ಹೆಂಗಸು. ಗೋಡೆಯ ಮೇಲೆ ಮ್ಯಾನೇಜರ್ ದಪ್ಪಕ್ಷರದಲ್ಲಿ ಬರೆಸಿ ಅಂಟಿಸಿದ್ದ ಚೀಟಿ: ಸಂಜೆಗೆ ಕೆಂಪು ಇರಬಾರದು.

ಏನಿದು ಎಂದು ಇನ್ಸ್‌ಪೆಕ್ಟರ್ ಕೇಳಿದರು. ತಪಾಸಣೆಯ ದಿನ ದಾಟಿದ ಲಿಫ್ಟ್ ಪರದೆಯ ಮೇಲೆ ಕೆಂಪು ಸಾಲಾಗಿ ಬರುತ್ತದೆ, ಮೆಕ್ಯಾನಿಕ್ ಹೋಗಿ ನೋಡಿ 'ಆಯಿತು' ಎಂದು ಗುರುತು ಹಾಕಿದರೆ ಹಸಿರಾಗುತ್ತದೆ ಎಂದು ಮ್ಯಾನೇಜರ್ ಹೆಮ್ಮೆಯಿಂದಲೇ ವಿವರಿಸಿದ. ತಮ್ಮಲ್ಲಿ ಶಿಸ್ತು ಅಂದರೆ ಶಿಸ್ತು ಎಂದೂ ಸೇರಿಸಿದ.

ಹೊರಗಿನ ಹೆಂಗಸನ್ನು ಎಲ್ಲರೂ 'ಅಕ್ಕ' ಎನ್ನುತ್ತಿದ್ದರು. ಫೋನ್ ಎತ್ತುವುದು, ಮೆಕ್ಯಾನಿಕ್‌ಗಳನ್ನು ಇಲ್ಲಿಗೆ ಹೋಗಿ ಅಲ್ಲಿಗೆ ಹೋಗಿ ಎಂದು ಅಟ್ಟುವುದು, ಅವರು ಹೇಳಿದ್ದನ್ನು ಟೈಪ್ ಮಾಡುವುದು ಆಕೆಯ ಕೆಲಸ. ಆಕೆ ತನ್ನ ಹೆಸರು, ಪಾಸ್‌ವರ್ಡ್ ಒತ್ತಿ ತೋರಿಸಿದಳು. ಅಂಥ ಬಳಕೆದಾರರು ಯಾರೂ ಇಲ್ಲ ಎಂದಿತು ಪರದೆ. ಮ್ಯಾನೇಜರ್ ಒತ್ತಿದ. ಅವನೂ ಇಲ್ಲ. ಹೆಸರಿಲ್ಲದೆ ನೇರ ಫೈಲನ್ನೇ ತೆರೆಯಲು ಹೋದರೆ, ನಿಮಗೆ ಅನುಮತಿ ಇಲ್ಲ ಎಂಬ ಸಾಲು ಬಂತು. ಸ್ವಂತ ಆಫೀಸಿನಲ್ಲಿ ತಾವೇ ಅಪರಿಚಿತರಾಗಿದ್ದರು. ಮಹಿಳಾ ಪೇದೆ ಇದನ್ನೆಲ್ಲ ಪಂಚನಾಮೆಯಲ್ಲಿ ಬರೆದುಕೊಂಡಳು.

"ಇದ್ರ ನಕಲು ಯಾರಾದ್ರೂ ತೆಗೀತಾರಾ?" ಎಂದು ಇನ್ಸ್‌ಪೆಕ್ಟರ್ ಅಕ್ಕನನ್ನು ಕೇಳಿದರು.

"ಶನಿವಾರ ಶನಿವಾರ ನಾನೇ ತೆಗೀತೀನಿ ಸರ್. ದೊಡ್ಡ ಫೈಲ್ ಒಂದೇ. ಅದೂ ಈಗ ಹೀಗೇ ಅಂತಿದೆ."

"ನಿಮಗೆ ಯಾರ ಮೇಲಾದ್ರೂ ಅನುಮಾನ?"

"ನಾನ್ಯಾಕೆ ಸರ್ ಒಬ್ಬರ ಮೇಲೆ ಹೇಳ್ಲಿ." ಮತ್ತೆ ಆಕೆಯೇ, ದೊಡ್ಡಪ್ಪ ಊಟ ಮಾಡಿದರಾ ಎಂದು ಕೇಳಿದಳು. ದೊಡ್ಡಪ್ಪ ಅಂದರೆ ಬೆಂಚಿನ ಮೇಲಿನ ಮೆಕ್ಯಾನಿಕ್. ಸಂಬಂಧವೇನಿಲ್ಲ. ಆಕೆಯ ತಂದೆಯ ಸ್ನೇಹಿತ, ತಂದೆ ಸತ್ತ ಮೇಲೆ ಈ ಕೆಲಸ ಕೊಡಿಸಿದವನು. ಊಟ ಬಿಟ್ಟಿದ್ದಾನೆ ಎಂದು ದಫೇದಾರ ಇದ್ದದ್ದನ್ನು ಇದ್ದಂತೆ ಹೇಳಿದ. ಆಕೆ ಕೀಲಿಮಣೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತ ಕೂತಳು.

ಮ್ಯಾನೇಜರನ ಅನುಮಾನಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಈ ವ್ಯವಸ್ಥೆ ಮಾಡಿಕೊಟ್ಟ ಕಂಪ್ಯೂಟರಿನವನು ಕಳೆದ ವರ್ಷ ಜಗಳವಾಡಿ ಹೋಗಿದ್ದ. ಮಾಡಿದ್ದು ಅವನೇ, ಬರೆದುಕೊಳ್ಳಿ ಎಂದ.

ಕಂಪ್ಯೂಟರಿನವನು ಸಿಕ್ಕಿದ್ದು ತನ್ನ ಅಂಗಡಿಯಲ್ಲೇ, ಬಿಚ್ಚಿಟ್ಟ ಪ್ರಿಂಟರುಗಳ ನಡುವೆ. ಪೊಲೀಸರನ್ನು ನೋಡಿ ಹೆದರಲಿಲ್ಲ, ಅದೇ ಇನ್ಸ್‌ಪೆಕ್ಟರ್‌ಗೆ ಹಿಡಿಸಲಿಲ್ಲ. ಜಗಳ ಯಾತಕ್ಕೆ ಎಂದು ಕೇಳಿದಾಗ, ಒಂದೊಂದು ಹೆಸರಿಗೂ ಒಬ್ಬನೇ ಮನುಷ್ಯ ಇರಬೇಕು ಎಂದು ಬಡಕೊಂಡೆ, ಯಾರೂ ಕೇಳಲಿಲ್ಲ ಎಂದ. ಆಫೀಸಿಗೆ ಬಂದು ಹತ್ತು ನಿಮಿಷ ನೋಡಿ, ತಲೆ ಕೆರೆದುಕೊಂಡು ವಿವರಿಸಿದ.

"ಸರ್, ಇದ್ರಲ್ಲಿ ಎರಡು ಫೈಲ್ ಇರ್ತವೆ. ದೊಡ್ಡದ್ರಲ್ಲಿ ಲೆಕ್ಕ. ಚಿಕ್ಕದ್ರಲ್ಲಿ ಯಾರು ಯಾರು ಒಳಗೆ ಬರಬಹುದು ಅನ್ನೋದು, ಅವರ ಪಾಸ್‌ವರ್ಡು. ದೊಡ್ಡದು ಚಿಕ್ಕದನ್ನ ಕೇಳಿನೇ ಬಾಗಿಲು ತೆಗೆಯೋದು. ಇಲ್ಲಿ ಯಾರೋ ಹಳೇ ಚಿಕ್ಕ ಫೈಲ್ ಎತ್ತಿ, ಅದೇ ಹೆಸರಿನ ಹೊಸಾ ಖಾಲಿ ಫೈಲ್ ಇಟ್ಟಿದ್ದಾರೆ. ಮಂಗಳವಾರ ಸಂಜೆ."

"ನೀನೇ ಇನ್ನೊಂದು ಮಾಡು."

"ಆಗಲ್ಲ. ಮೊದ್ಲು ಮಾಡಿದಾಗ ಕೊಟ್ಟ ಹೆಸರು, ಸಂಸ್ಥೆ, ಗುರುತಿನ ಪದ, ಮೂರೂ ಅಕ್ಷರಕ್ಕೆ ಅಕ್ಷರ ಗೊತ್ತಿದ್ರೆ ಮಾಡಬಹುದು. ನಂಗೆ ನೆನಪಿಲ್ಲ. ಲಕೋಟೆಲಿ ಹಾಕಿ ಇವರ ಕೈಲೇ ಕೊಟ್ಟಿದ್ದೆ." ಬೆರಳು ಮ್ಯಾನೇಜರನ ಕಡೆ ತೋರಿತು.

ಮ್ಯಾನೇಜರ್ ಡ್ರಾಯರುಗಳನ್ನೆಲ್ಲ ಎಳೆದು ಸುರಿದ. ಲಕೋಟೆ ಇರಲಿಲ್ಲ. ಕಳೆದುಹೋಗಿರಬೇಕು ಎಂದ. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ಇನ್ಸ್‌ಪೆಕ್ಟರ್‌ಗೆ ಮುಕ್ಕಾಲು ಪಾಲು ಖಾತ್ರಿಯಾಗಿತ್ತು. ಫೈಲುಗಳ ನಕಲನ್ನು ಡಿಸ್ಕಿಗೆ ಇಳಿಸಿ ಮೊಹರು ಮಾಡಿಸಿ, ಲಿಫ್ಟ್ ಕೆಟ್ಟರೆ ಜನ ಫೋನ್ ಮಾಡುವ ಆಫೀಸು ಎಂಬ ಕಾರಣಕ್ಕೆ ಬೀಗ ಹಾಕಿಸದೆ, ಬಾಗಿಲಿಗೊಬ್ಬ ಪೇದೆಯನ್ನು ನಿಲ್ಲಿಸಿದರು. ಒಳಗೆ ಹೋಗುವ ಬರುವವರನ್ನು ನೋಡಿಕೋ ಎಂದು ಅವನಿಗೆ ಹೇಳಿ, ಮ್ಯಾನೇಜರನನ್ನು ಹೇಳಿಕೆಗೆಂದು ಠಾಣೆಗೆ ಕರೆತಂದರು. ಮೂರೂವರೆಯಿಂದ ಆರರವರೆಗೆ ಅವನನ್ನು ಕೂರಿಸಿ ಒಂದೇ ಪ್ರಶ್ನೆಯನ್ನು ನಾಲ್ಕು ಮಗ್ಗುಲಿನಿಂದ ಕೇಳಿದರು. ಈ ನಡುವೆ ನಾಲ್ಕಕ್ಕೆ ಹೋದ ಕರೆಂಟು ಐದಾದರೂ ಬರಲಿಲ್ಲ. ಬೆವರಿನಲ್ಲಿ ತೊಯ್ದರೂ ಮ್ಯಾನೇಜರ್ ಲಕೋಟೆ ಕಳೆದಿದೆ ಎಂಬುದರಿಂದ ಒಂದಿಂಚು ಜರುಗಲಿಲ್ಲ.

ಗುರುವಾರ ಬೆಳಗ್ಗೆ ಎಂಟೂಕಾಲಿಗೆ ಠಾಣೆಗೆ ಒಂದು ಫೋನ್ ಬಂತು. ಊರಾಚೆಯ ಹೆರಿಗೆ ಆಸ್ಪತ್ರೆಯ ಮೇಲ್ವಿಚಾರಕ. ನಿನ್ನೆ ನಾಲ್ಕೂಕಾಲರ ಹೊತ್ತಿಗೆ ಯಾರೋ ಅನಾಮಧೇಯರು ಕರೆ ಮಾಡಿ, ಸಾಮಾನು ಸಾಗಿಸುವ ಲಿಫ್ಟನ್ನು ತಕ್ಷಣ ನಿಲ್ಲಿಸಿ, ಅದರ ಬ್ರೇಕ್ ಸವೆದಿದೆ ಎಂದರಂತೆ. ಗಂಡೋ ಹೆಣ್ಣೋ ತಿಳಿಯಲಿಲ್ಲ, ಬಾಯಿಗೆ ಬಟ್ಟೆ ಹಿಡಿದಂತಿತ್ತು. ಸೋಮವಾರದ ಸುದ್ದಿ ಕೇಳಿ ಯಾರೋ ಹುಡುಗಾಟ ಆಡಿದ್ದಾರೆ, ವಿಚಾರಿಸಿ ಎಂಬುದು ಅವನ ಕೋರಿಕೆ.

"ಹುಡುಗಾಟ ಅಂತ ಹೇಗೆ ಹೇಳ್ತೀರಿ?"

"ನಮ್ಮಲ್ಲಿ ಸಾಮಾನು ಲಿಫ್ಟೇ ಇಲ್ಲ ಸರ್. ಇರೋದೆರಡೂ ಬಾಣಂತಿಯರನ್ನ ಕರ್ಕೊಂಡು ಹೋಗೋ ಲಿಫ್ಟು."

ಇನ್ಸ್‌ಪೆಕ್ಟರ್ ಹುಡುಗಾಟವನ್ನೂ ನಂಬುವವರಲ್ಲ. ಎರಡನ್ನೂ ನಿಲ್ಲಿಸಿ ಎಂದು ಹೇಳಿ, ಬೆಂಚಿನ ಮೇಲಿನ ಮುದುಕನನ್ನು ಚೀಲದ ಸಮೇತ ಜೀಪಿಗೆ ಹತ್ತಿಸಿಕೊಂಡರು. ಆಪಾದಿತನನ್ನೇ ಪರೀಕ್ಷೆಗೆ ಒಯ್ಯುವುದೇ ಎಂದು ದಫೇದಾರ ಗೊಣಗಿದ. ಉಳಿದ ಇಬ್ಬರು ಮೆಕ್ಯಾನಿಕ್‌ಗಳು ಹೆದರಿ ಫೋನ್ ಎತ್ತುತ್ತಿಲ್ಲ, ನೀನು ಹತ್ತುತ್ತೀಯಾ ಎಂದು ಇನ್ಸ್‌ಪೆಕ್ಟರ್ ಕೇಳಿದ ಮೇಲೆ ಸುಮ್ಮನಾದ.

ಮುದುಕ ಆಸ್ಪತ್ರೆಯ ಮೇಲಿನ ಯಂತ್ರದ ಕೋಣೆಗೆ ಹತ್ತಿದ. ಎಡಗಡೆಯ ಲಿಫ್ಟಿನ ಮೋಟಾರಿನ ಬಳಿ ಕೂತು, ಟಾರ್ಚು ಹಿಡಿದು ಒಂದೊಂದೇ ಭಾಗ ನೋಡಿದ. ಆಮೇಲೆ ಬ್ರೇಕಿನ ಪಟ್ಟಿಯನ್ನು ಬಿಚ್ಚಿ ಇನ್ಸ್‌ಪೆಕ್ಟರ್ ಅಂಗೈಗೆ ಹಾಕಿದ. ಬೆರಳಿನಷ್ಟು ದಪ್ಪ ಇರಬೇಕಾದದ್ದು ಹಳೆಯ ಚಪ್ಪಲಿಯ ಅಟ್ಟೆಯಂತೆ ಸವೆದು ಕಬ್ಬಿಣ ಕಾಣುತ್ತಿತ್ತು. ಕೆಳಗಿನ ಮಹಡಿಯಲ್ಲಿ ಕೂಸೊಂದು ಅಳುತ್ತಿತ್ತು.

"ಇದನ್ನ ಸಾಮಾನು ಲಿಫ್ಟ್ ಅಂತಾರಾ ಯಾರಾದ್ರೂ?" ಎಂದು ಕೇಳಿದರು.

"ಮುಂಚೆ ಹಾಗೇ ಇತ್ತು ಸ್ವಾಮಿ. ಆಮೇಲೆ ಪೆಟ್ಟಿಗೆ ಬದಲಾಯಿಸಿ ಮಂಚ ಹೋಗೋ ಹಾಗೆ ಮಾಡಿದ್ವಿ. ನಮ್ಮ ಹುಡುಗರಿಗೆಲ್ಲ ಗೊತ್ತು. ಕಂಪ್ಯೂಟರಲ್ಲಿ ಮಾತ್ರ ಹಳೇ ಹೆಸರೇ ಉಳ್ಕೊಂಡಿರಬೇಕು, ಅದನ್ನ ಯಾರು ತಿದ್ತಾರೆ."

ಇನ್ಸ್‌ಪೆಕ್ಟರ್ ಅಲ್ಲೇ ಗೋಡೆಗೆ ಒರಗಿ ನಿಂತರು. ಅವರು ಯೋಚಿಸಿದ್ದು ಇಷ್ಟು. ಫೋನ್ ಮಾಡಿದವರು ಈ ಲಿಫ್ಟನ್ನು ಕಣ್ಣಾರೆ ಕಂಡಿಲ್ಲ. ಪರದೆಯ ಮೇಲೆ ಕಂಡಿದ್ದಾರೆ. ಎಲ್ಲರಿಗೂ ಮುಚ್ಚಿದ್ದ ಪರದೆ ನಿನ್ನೆ ಸಂಜೆ ಯಾರೋ ಒಬ್ಬರಿಗೆ ತೆರೆದಿದೆ. ಬೀಗ ಹಾಕಿದವರೇ ಬೀಗ ತೆಗೆದು ನೋಡಿದ್ದಾರೆ. ಅದೂ ಒಂದು ಜೀವ ಉಳಿಸಲು.

ಹತ್ತೂವರೆಗೆ ಆಫೀಸಿಗೆ ಬಂದು ಕಂಪ್ಯೂಟರಿನವನನ್ನು ಮತ್ತೆ ಕರೆಸಿದರು. ನಿನ್ನೆ ಯಾರಾದರೂ ದೊಡ್ಡ ಫೈಲ್ ತೆರೆದಿದ್ದರೆ ಗುರುತು ಉಳಿಯುತ್ತದೆಯೇ ಎಂದು ಕೇಳಿದಾಗ ಅವನು ತಲೆಯಾಡಿಸಿದ. ಫೈಲ್ ತೆರೆದೊಡನೆ ಪಕ್ಕದಲ್ಲಿ ಒಂದು ಪುಟ್ಟ ಫೈಲ್ ಹುಟ್ಟುತ್ತದೆ, ಯಾವ ಕಂಪ್ಯೂಟರಿನಿಂದ, ಯಾವ ಹೆಸರಿನಲ್ಲಿ ಒಳಗಿದ್ದಾರೆ ಎಂದು ಅದರಲ್ಲಿರುತ್ತದೆ. ಸರಿಯಾಗಿ ಮುಚ್ಚಿದರೆ ತಾನಾಗಿ ಅಳಿಸಿಹೋಗುತ್ತದೆ. ಇಷ್ಟು ಹೇಳಿ ಹುಡುಕತೊಡಗಿದವನು ನಿಂತ.

"ಇದೆ ಸರ್. ಕರೆಂಟ್ ಹೋದಾಗ ಮುಚ್ಚೋಕೆ ಪುರಸೊತ್ತೇ ಸಿಕ್ಕಿಲ್ಲ."

"ಕಂಪ್ಯೂಟರ್ ಯಾವುದು?"

"ಹೊರಗಿನ ಕೋಣೇದು."

"ಹೆಸರು?"

ಅವನು ಓದಿದ ಹೆಸರು ಹಿರಿಯ ಮೆಕ್ಯಾನಿಕನದು.

ನಿನ್ನೆ ನಾಲ್ಕು ಗಂಟೆಗೆ ಆ ಮುದುಕ ಠಾಣೆಯ ಬೆಂಚಿನ ಮೇಲೆ, ದಫೇದಾರನ ಕಣ್ಣೆದುರಿಗೇ ಕೂತಿದ್ದ. ಮ್ಯಾನೇಜರ್ ಎದುರಿನ ಕುರ್ಚಿಯಲ್ಲಿ ಬೆವರುತ್ತಿದ್ದ. ಇಬ್ಬರ ಪರ ಸಾಕ್ಷಿ ಹೇಳಬೇಕಾದವರು ಪೊಲೀಸರೇ. ಬಾಗಿಲಿನ ಪೇದೆಯನ್ನು ಕೇಳಿದಾಗ, ಮೂರರಿಂದ ಐದರವರೆಗೆ ಒಳಗಿದ್ದದ್ದು ಅಕ್ಕ ಒಬ್ಬಳೇ, ಕರೆಂಟ್ ಹೋದ ಮೇಲೆ ಎದುರಿನ ಫೋನ್ ಅಂಗಡಿಗೆ ಹೋಗಿ ಬಂದಳು, ಬರುವಾಗ ತನಗೊಂದು ಟೀ ತಂದುಕೊಟ್ಟಳು, ಬಹಳ ಒಳ್ಳೆಯವರು ಎಂದ.

ಇನ್ಸ್‌ಪೆಕ್ಟರ್ ಕಂಪ್ಯೂಟರಿನವನಿಗೆ ಕೊನೆಯದಾಗಿ ಇನ್ನೊಂದು ಮಾತು ಕೇಳಿದರು. ಶನಿವಾರದ ನಕಲಿಗೆ ಎಷ್ಟು ಫೈಲ್? ಎರಡೂ, ಎಂದ ಅವನು. ಚಿಕ್ಕದು ಹೋದರೆ ದೊಡ್ಡದು ಯಾರ ಗುರುತನ್ನೂ ಹಿಡಿಯಲ್ಲ ಎಂದು ಅಕ್ಕನಿಗೆ ತಾನೇ ಹೇಳಿಕೊಟ್ಟಿದ್ದೆ, ಒಂದು ಶನಿವಾರವೂ ಆಕೆ ತಪ್ಪಿಸಿದವಳಲ್ಲ.

ಆಕೆಯನ್ನು ಒಳಗಿನ ಕೋಣೆಗೆ ಕರೆದರು. ಮಹಿಳಾ ಪೇದೆ ಪಕ್ಕದಲ್ಲಿ ಕೂತಳು.

"ನಕಲು ಒಂದೇ ಫೈಲ್ ಅಂದ್ರಲ್ಲ?"

ಆಕೆ ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಆಸ್ಪತ್ರೆ ಲಿಫ್ಟಿನ ಬ್ರೇಕ್ ನಿಜವಾಗ್ಲೂ ಸವೆದಿತ್ತು. ನಿಲ್ಲಿಸಿದ್ದಾರೆ. ಯಾರಿಗೂ ಏನೂ ಆಗಿಲ್ಲ."

ಆಗ ಆಕೆ ಅತ್ತಳು. ಸದ್ದಿಲ್ಲದೆ, ತಲೆ ತಗ್ಗಿಸದೆ ಅತ್ತಳು. ಚೀಲದಿಂದ ಸೂಜಿದಾರದ ಡಬ್ಬಿ ತೆಗೆದು, ದಾರದ ಉಂಡೆಗಳ ಕೆಳಗಿನಿಂದ ಪೆನ್‌ಡ್ರೈವ್ ಎತ್ತಿ ಮೇಜಿನ ಮೇಲಿಟ್ಟಳು. ಹಳೆಯ ಚಿಕ್ಕ ಫೈಲ್ ಅದರಲ್ಲಿತ್ತು. ಪಂಚರೆದುರು ಅದನ್ನು ಜಪ್ತಿ ಮಾಡಿದರು.

ಆಮೇಲೆ ಎಲ್ಲ ಹೊರಬಂತು. ಗ್ರೀಸಿನ ಕೈಯವರು ಕೀಲಿಮಣೆ ಮುಟ್ಟುವುದಿಲ್ಲ. ಅದಕ್ಕೇ ಮೆಕ್ಯಾನಿಕ್‌ಗಳು ತಮ್ಮ ತಮ್ಮ ಹೆಸರನ್ನೂ ಪಾಸ್‌ವರ್ಡನ್ನೂ ಮೊದಲ ವಾರವೇ ಅಕ್ಕನಿಗೆ ಒಪ್ಪಿಸಿಬಿಟ್ಟಿದ್ದರು. ಅವರು ನೋಡಿ ಬಂದು ಹೇಳುತ್ತಿದ್ದರು, ಆಕೆ ಅವರ ಹೆಸರಿನಲ್ಲಿ ಹೋಗಿ ಹಸಿರು ಮಾಡುತ್ತಿದ್ದಳು. ಲಿಫ್ಟ್‌ಗಳು ಹೆಚ್ಚಿದವು, ಮೆಕ್ಯಾನಿಕ್‌ಗಳು ಆರರಿಂದ ಮೂರಕ್ಕಿಳಿದರು, ಗೋಡೆಯ ಚೀಟಿ ಮಾತ್ರ ಹಾಗೇ ಇತ್ತು. ಸಂಜೆ ಕೆಂಪು ಉಳಿದರೆ ಮ್ಯಾನೇಜರ್ ಎಲ್ಲರೆದುರು ಆಕೆಯನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದ. ಕೆಂಪು ಹೇಗೆ ಹಸಿರಾಯಿತು ಎಂದು ಒಂದು ದಿನವೂ ಕೇಳಿದವನಲ್ಲ.

"ಮೊದಲ್ನೇ ಸಲ ಒಂದೇ ಒಂದು ಸರ್. ನಾಳೆ ಯಾರಾದ್ರೂ ನೋಡ್ತಾರಲ್ಲ ಅಂತ. ಆಮೇಲೆ ದಿನಾ. ಕೈಗೆ ರೂಢಿ ಆಗ್ಹೋಯ್ತು."

ಸೋಮವಾರ ಲಿಫ್ಟ್ ಬಿತ್ತು. ಮಂಗಳವಾರ ಪೊಲೀಸರು ದಾಖಲೆ ಕೇಳಿದರು. ತೆರೆದರೆ ಒಂದೇ ಸಂಜೆ ಕೂತಲ್ಲೇ ಇಪ್ಪತ್ತು ಲಿಫ್ಟ್ ನೋಡಿದ ಲೆಕ್ಕ ಕಾಣುತ್ತದೆ, ಮಾಡಿದವರು ಯಾರೆಂದು ಕೂಸಿಗೂ ತಿಳಿಯುತ್ತದೆ. ಹೆದರಿ ಚಿಕ್ಕ ಫೈಲ್ ಎತ್ತಿದಳು. ದೊಡ್ಡಪ್ಪನನ್ನು ಅಷ್ಟರಲ್ಲಿ ಹಿಡಿದುಕೊಂಡು ಹೋಗುತ್ತಾರೆಂದು ಆಕೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಾಯಿ ಬಿಡುವ ಧೈರ್ಯ ಬರಲಿಲ್ಲ. ಅತ್ತ ದರಿ, ಇತ್ತ ಪುಲಿ. ಬುಧವಾರ ಒಬ್ಬಳೇ ಆದಾಗ, ಪೆನ್‌ಡ್ರೈವಿನ ಹಳೆಯ ಫೈಲಿನಿಂದ ಬಾಗಿಲು ತೆರೆದು, ತಾನು ಹಸಿರು ಮಾಡಿದವುಗಳಲ್ಲಿ ಕೆಟ್ಟವು ಯಾವುವು, ಮೆಕ್ಯಾನಿಕ್‌ಗಳು ಹಿಂದೊಮ್ಮೆ ಬ್ರೇಕ್ ಬದಲಿಸಬೇಕು ಎಂದು ಹೇಳಿ ಮರೆತವು ಯಾವುವು ಎಂದು ನೋಡಲು ಕೂತಳು. ಆಗಲೂ ಬೆರಳು ತಾನಾಗಿ ಒತ್ತಿದ್ದು ದೊಡ್ಡಪ್ಪನ ಹೆಸರನ್ನೇ.

"ಮೊದ್ಲು ಸಿಕ್ಕಿದ್ದೇ ಹೆರಿಗೆ ಆಸ್ಪತ್ರೆ ಸರ್. ಮುಂದಿನದು ನೋಡೋಷ್ಟರಲ್ಲಿ ಕರೆಂಟ್ ಹೋಯ್ತು."

ಇನ್ಸ್‌ಪೆಕ್ಟರ್ ಎದ್ದು ನಿಂತರು. "ಅಂದ್ರೆ ಇನ್ನೂ ಇವೆ."

"ಇವೆ ಸರ್. ಎಷ್ಟು ಅಂತ ನಂಗೂ ಗೊತ್ತಿಲ್ಲ."

ಬಂಧನದ ಕಾಗದ ಆಮೇಲೆ ಎಂದರು ಅವರು. ಮೂಲ ಪೆನ್‌ಡ್ರೈವ್ ಮೊಹರಾಗಿ, ಅದರ ನಕಲನ್ನು ಹೊರಗಿನ ಕೋಣೆಯ ಕಂಪ್ಯೂಟರಿಗೆ ಹಾಕಿದಾಗ ಡೇಟಾಬೇಸ್ ಬಾಗಿಲು ತೆರೆಯಿತು. ಪರದೆ ಮೇಲಿನಿಂದ ಕೆಳಗಿನವರೆಗೆ ಹಸಿರಾಗಿತ್ತು, ಒಂದು ಕೆಂಪೂ ಇರಲಿಲ್ಲ. ಸುಳ್ಳು ಗುರುತುಗಳನ್ನು ತೆಗೆದರೆ ಮಾತ್ರ ಯಾವ ಲಿಫ್ಟ್ ನಿಲ್ಲಿಸಬೇಕೆಂದು ತಿಳಿಯುತ್ತದೆ. ಆಕೆ ತನ್ನದೇ ಹೆಸರಿನಲ್ಲಿ ಒಳಹೋಗಿ ಒಂದನ್ನು ತೆಗೆಯಲು ನೋಡಿದಳು. ನಿಮಗೆ ಅನುಮತಿ ಇಲ್ಲ ಎಂದಿತು. ತಪಾಸಣೆಯ ಗುರುತನ್ನು ಹಾಕುವುದಕ್ಕೂ ತೆಗೆಯುವುದಕ್ಕೂ ಮೆಕ್ಯಾನಿಕ್‌ಗಳಿಗೆ ಮಾತ್ರ ಅಧಿಕಾರ. ಇನ್ನು ಮೇಲೆ ಒಂದು ಹೆಸರಿಗೆ ಒಬ್ಬನೇ ಮನುಷ್ಯ, ಎಂದು ಇನ್ಸ್‌ಪೆಕ್ಟರ್ ಕೆಳಗೆ ಜೀಪಿನಲ್ಲಿದ್ದ ಮುದುಕನನ್ನು ಮೇಲೆ ಕರೆಸಿದರು.

ಮೆಟ್ಟಿಲು ಹತ್ತುವಾಗ ಮಹಿಳಾ ಪೇದೆ ಆತನಿಗೆ ಎಲ್ಲ ಹೇಳಿದ್ದಳು. ಆತ ಬಂದು ಆಕೆಯ ಕುರ್ಚಿಯ ಹಿಂದೆ ನಿಂತ. ಬೈಯಲಿಲ್ಲ.

"ಮೂರು ಜನ ಇದ್ವಲ್ಲಮ್ಮ. ನನ್ನ ಹೆಸರೇ ಯಾಕೆ?"

ಆಕೆ ಪರದೆಯನ್ನು ನೋಡುತ್ತಲೇ ಹೇಳಿದಳು: "ನಿಮ್ಮ ಹೆಸರಿದ್ರೆ ಯಾರೂ ಎರಡನೇ ಸಲ ಕೇಳ್ತಿರ್ಲಿಲ್ಲ ದೊಡ್ಡಪ್ಪ."

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್, ತನಗೇನೂ ಗೊತ್ತಿರಲಿಲ್ಲ, ಇವಳು ನಂಬಿಸಿ ಕತ್ತು ಕೊಯ್ದಳು ಎಂದು ಶುರುಮಾಡಿದ. ಇನ್ಸ್‌ಪೆಕ್ಟರ್ ಗೋಡೆಯ ಚೀಟಿಯನ್ನು ಮೆಲ್ಲಗೆ ಕಿತ್ತು ದಫೇದಾರನ ಕೈಗೆ ಕೊಟ್ಟು, ಇದನ್ನೂ ಜಪ್ತಿಯಲ್ಲಿ ಸೇರಿಸು, ಲಿಫ್ಟ್ ಬಿದ್ದ ಎಫ್‌ಐಆರ್‌ನಲ್ಲಿ ಈ ಮ್ಯಾನೇಜರನ ಹೆಸರನ್ನೂ ಸೇರಿಸಲು ಕೋರ್ಟಿಗೆ ಬರೆ ಎಂದರು. ಈ ಒಂದು ಕೆಲಸ ಮಾತ್ರ ಇನ್ಸ್‌ಪೆಕ್ಟರ್ ಆ ದಿನ ಸಂತೋಷದಿಂದ ಮಾಡಿದರು.

ಅಕ್ಕ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಮಹಿಳಾ ಪೇದೆ ಆಕೆಯ ತೋಳು ಹಿಡಿದಳು. ಸಾಕ್ಷ್ಯ ಮರೆಮಾಚಿದ್ದು, ಸುಳ್ಳು ದಾಖಲೆ ಸೃಷ್ಟಿಸಿದ್ದು, ಹನ್ನೆರಡು ಹತ್ತಕ್ಕೆ ಬಂಧನ ಎಂದು ದಫೇದಾರ ಬರೆದುಕೊಂಡ. ಕಾರಣದ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದ. ದುರಾಸೆಯಲ್ಲ, ಹಗೆಯಲ್ಲ. ದಿನಾ ಸಂಜೆ ಬೈಗುಳ ತಪ್ಪಲಿ ಎಂಬ ಆಸೆ, ಅಷ್ಟೇ. ಅದಕ್ಕೆ ಒಬ್ಬನ ಎರಡು ಕಾಲು ಮುರಿದಿದ್ದವು. ಹೆದರಿಕೆ ಎಂದು ಬರೆ ಎಂದರು ಇನ್ಸ್‌ಪೆಕ್ಟರ್.

ಮುದುಕ ಕೀಲಿಮಣೆಯ ಮುಂದೆ ಕೂತಿದ್ದ. ತನ್ನ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಆಮೇಲೆ ಬೆರಳು ನಿಂತಿತು. ಬಾಗಿಲು ದಾಟುತ್ತಿದ್ದ ಆಕೆಯ ಕಡೆ ತಿರುಗಿದ.

"ನನ್ನ ಪಾಸ್‌ವರ್ಡ್ ಏನಮ್ಮ?"

"ನಿಮ್ಮ ಚೀಲದ ನಂಬರು ದೊಡ್ಡಪ್ಪ."

ಆತ ಬಗ್ಗಿ ಕಾಲಬುಡದ ಚೀಲವನ್ನು ಬೆಳಕಿಗೆ ತಿರುಗಿಸಿದ. ಬಿಳಿ ಬಣ್ಣದಲ್ಲಿ ಬರೆದಿದ್ದ ಅಂಕಿಗಳ ಮೇಲಿನ ಗ್ರೀಸನ್ನು ಹೆಬ್ಬೆರಳಿನಿಂದ ಒರೆಸಿ, ಓದಿ ಓದಿ ಒತ್ತಿದ. ಇನ್ಸ್‌ಪೆಕ್ಟರ್ ಫೋನ್ ಎಳೆದುಕೊಂಡು ಕೂತರು. ನೋಡದ ಲಿಫ್ಟಿನ ಗುರುತು ತೆಗೆದೊಡನೆ ಮೊದಲ ಸಾಲು ಕೆಂಪಾಯಿತು. ಮುದುಕ ಕಟ್ಟಡದ ಹೆಸರನ್ನು ಗಟ್ಟಿಯಾಗಿ ಓದಿದ, ಇನ್ಸ್‌ಪೆಕ್ಟರ್ ನಂಬರು ತಿರುಗಿಸಿದರು.